ಮುಖ ಯಾರ ಸೊತ್ತು?

ಕಂಪ್ಯೂಟರಿನಲ್ಲಿ ಮನುಷ್ಯನ ರೂಪ ಮಾಡಲು ಕಲಿಯುವವರು ಸಾಮಾನ್ಯವಾಗಿ ಅರ್ಧ ಮುಖದಿಂದ ಆರಂಭಿಸುತ್ತಾರೆ. ಒಂದು ಕಣ್ಣು, ಮೂಗಿನ ಒಂದು ಹೊಳ್ಳೆ, ಅರ್ಧ ತುಟಿ, ಒಂದು ಕಿವಿ. ಇಷ್ಟು ಮಾಡಿದರೆ ಸಾಕು, ಉಳಿದರ್ಧವನ್ನು ತಂತ್ರಾಂಶವೇ ಕನ್ನಡಿ ಹಿಡಿದಂತೆ ಆಚೆ ಬದಿಗೆ ಮೂಡಿಸಿಕೊಡುತ್ತದೆ. ಅರ್ಧ ಕೆಲಸ ಉಳಿಯಿತೆಂದು ಹುಡುಗರು ಹಿಗ್ಗುತ್ತಾರೆ. ಆದರೆ ಹಾಗೆ ಸಿದ್ಧವಾದ ಮುಖವನ್ನು ತುಸು ಹೊತ್ತು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಕಣ್ಣು, ಮೂಗು, ಬಾಯಿ ಎಲ್ಲ ಅಲ್ಲಲ್ಲೇ ಇವೆ, ಮನುಷ್ಯ ಮಾತ್ರ ಇಲ್ಲ. ಕಾರಣ, ನಮ್ಮಲ್ಲಿ ಯಾರ ಮುಖವೂ ಎರಡೂ ಬದಿಯಲ್ಲಿ ಒಂದೇ ಸಮ ಇರುವುದಿಲ್ಲ. ಒಂದು ಹುಬ್ಬು ಕೂದಲೆಳೆಯಷ್ಟು ಮೇಲಿರುತ್ತದೆ. ನಗುವಾಗ ತುಟಿಯ ಒಂದು ಕೊನೆ ಮೊದಲು ಏಳುತ್ತದೆ. ಹೀಗಾಗಿ ಎರಡನೆಯ ಪಾಠವೆಂದರೆ ಮಾಡಿದ್ದನ್ನು ಕೆಡಿಸುವ ಪಾಠ. ಮೂಗನ್ನು ತುಸು ಸೊಟ್ಟ ಮಾಡಬೇಕು, ಒಂದು ರೆಪ್ಪೆಯನ್ನು ತುಸು ಇಳಿಸಬೇಕು, ಕೆನ್ನೆಯ ಮೇಲೆ ಎಲ್ಲಾದರೂ ಒಂದು ಸಿಡುಬಿನ ಕಲೆಯನ್ನೋ ಮಚ್ಚೆಯನ್ನೋ ಇಡಬೇಕು. ದೋಷ ಕಂಡ ಮೇಲೆಯೇ ಅಲ್ಲೊಬ್ಬ ಮನುಷ್ಯ ಕಾಣತೊಡಗುತ್ತಾನೆ.

ಕತೆ ಬರೆಯುವ ನಮಗೆ ಇದರಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ನಾವೂ ಮನುಷ್ಯರನ್ನು ಮಾಡುವವರೇ. ಆದರೆ ನಮ್ಮದು ಅಗ್ಗದ ಕೆಲಸ. ಬೀಡಿ ಕಟ್ಟಿ ಕಟ್ಟಿ ಬೆರಳು ಹಳದಿಯಾದ ಒಬ್ಬ ಮುದುಕಿ ಇದ್ದಳು ಎಂದು ಬರೆದು ನಾವು ಮುಂದೆ ಹೋಗುತ್ತೇವೆ. ಆ ಮುದುಕಿಯ ಕಣ್ಣು, ಮೂಗು, ಮುಖದ ಸುಕ್ಕು ಎಲ್ಲವನ್ನೂ ಓದುಗರು ತಮ್ಮ ತಮ್ಮ ಬೀದಿಯ ಮುದುಕಿಯರಿಂದ ಕಡ ತಂದು ತುಂಬಿಕೊಳ್ಳುತ್ತಾರೆ. ತೆರೆಯ ಮೇಲೆ ನಿಜದಂತೆ ಕಾಣಬೇಕಾದ ಮನುಷ್ಯನನ್ನು ಮಾಡುವವನಿಗೆ ಈ ಅನುಕೂಲವಿಲ್ಲ. ಉಗುರಿನ ಬುಡದ ಚರ್ಮದವರೆಗೆ ಅವನೇ ಮಾಡಬೇಕು. ಹಾಗೆ ಮಾಡುವಾಗ ಅವನು ಅದನ್ನೆಲ್ಲ ಎಲ್ಲಿಂದ ತರುತ್ತಾನೆ? ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಈ ವಿದ್ಯೆ ಕಲಿತು ಅದರಲ್ಲೇ ಅನ್ನ ಕಂಡುಕೊಂಡವನು. ಹಬ್ಬಕ್ಕೆ ಊರಿಗೆ ಬಂದಾಗಲೂ ಲ್ಯಾಪ್‌ಟಾಪ್ ಬಿಟ್ಟವನಲ್ಲ. ಅವನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ನೋಡುತ್ತ ಕೂತು ನಾವು ತಿಳಿದುಕೊಂಡದ್ದು ಸ್ವಲ್ಪವಲ್ಲ. ಈ ಮುಖಗಳನ್ನು ಬಲೆಯಂತೆ ಹೆಣೆಯುತ್ತಾರೆ. ಚೌಕ ಚೌಕವಾದ ಸಣ್ಣ ತುಂಡುಗಳ ಬಲೆ. ಕಣ್ಣಿನ ಸುತ್ತ, ಬಾಯಿಯ ಸುತ್ತ ಈ ಬಲೆಯ ಎಳೆಗಳು ಬಳೆಯಂತೆ ಸುತ್ತು ಬರಬೇಕು, ಏಕೆಂದರೆ ನಮ್ಮ ಚರ್ಮದಡಿಯ ಸ್ನಾಯುಗಳು ಅಲ್ಲಿ ಹಾಗೆಯೇ ಸುತ್ತಿಕೊಂಡಿವೆ. ಎಳೆ ತಪ್ಪಿದರೆ ಗೊಂಬೆ ನಗುವಾಗ ಕೆನ್ನೆ ಕಾಗದದಂತೆ ಮುದುಡುತ್ತದೆ. ಮುಖವಾದ ಮೇಲೆ ಮೈ. ಮೈಯೊಳಗೆ ಮೂಳೆ ಇಡಬೇಕು. ಯಾವ ಮೂಳೆ ಎಷ್ಟು ಚರ್ಮವನ್ನು ಎಳೆಯಬೇಕು ಎಂಬುದನ್ನು ಕೆಂಪು, ಹಳದಿ, ನೀಲಿ ಬಣ್ಣ ಬಳಿದು ತಿಳಿಸಬೇಕು. ಎಲ್ಲಕ್ಕಿಂತ ಕಷ್ಟದ್ದು ಭುಜವಂತೆ. ಕೈ ಎತ್ತಿದ ಕೂಡಲೇ ಕಂಕುಳು ಒಳಗೆ ಕುಸಿದು ಹೋಗುತ್ತದೆ. ಆಮೇಲೆ ನಡಿಗೆ. ಮೊದಲ ಸಲ ನಡೆಯುವ ಗೊಂಬೆ ನೆಲ ಮುಟ್ಟುವುದೇ ಇಲ್ಲ, ತೇಲುತ್ತದೆ. ನಡೆಯುವುದೆಂದರೆ ಬೀಳುತ್ತ ಬೀಳುತ್ತ ಪ್ರತಿ ಹೆಜ್ಜೆಗೂ ತಡೆದುಕೊಳ್ಳುವುದು ಎಂದು ಆ ಹುಡುಗ ವಿವರಿಸಿದಾಗ, ನಲವತ್ತು ವರ್ಷಕ್ಕೂ ಮಿಕ್ಕಿ ನಡೆದ ನಮಗೆ ಅದು ಹೊಸ ಸುದ್ದಿಯಾಗಿತ್ತು.

ಕಣ್ಣಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು ರಾತ್ರಿ ಆತ ಬೇಸತ್ತು ಲ್ಯಾಪ್‌ಟಾಪಿನಿಂದ ಕೈ ತೆಗೆದು, 'ಮಾಮೂ, ಆಂಖಾಂ ಮೇ ಜಾನ್ ನೈ ಆರಿ' ಎಂದ. ಕಣ್ಣಿಗೆ ಜೀವ ಬರುತ್ತಿಲ್ಲ ಎಂದು ಅವನ ದೂರು. ಗುಡ್ಡೆ ಸರಿಯಿತ್ತು, ಪಾಪೆ ಸರಿಯಿತ್ತು, ಒಳಮೂಲೆಯ ಗುಲಾಬಿ ಮಾಂಸದ ಕಾಳು ಕೂಡ ಇತ್ತು. ಇಲ್ಲದಿದ್ದದ್ದು ಕೆಳರೆಪ್ಪೆಯ ಅಂಚಿನಲ್ಲಿ ನಿಲ್ಲುವ ತೇವದ ಗೆರೆ. ಅಳದೆ ಇರುವಾಗಲೂ ನಮ್ಮೆಲ್ಲರ ಕಣ್ಣಲ್ಲಿ ಆ ನೀರಿನ ಗೆರೆ ಇರುತ್ತದೆ, ಬೆಳಕು ಅದರ ಮೇಲೆ ಬಿದ್ದು ಮಿನುಗುತ್ತದೆ. ಅದನ್ನು ಸೇರಿಸಿದ. ಆದರೂ ಏನೋ ಕೊರತೆ. ನಮ್ಮ ಕಣ್ಣು ಒಂದು ಕಡೆ ನೆಟ್ಟು ನಿಲ್ಲುವುದೇ ಇಲ್ಲ. ಎದುರಿಗಿರುವವರ ಮುಖ ನೋಡುವಾಗಲೂ ಅದು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ, ಈ ಕಣ್ಣಿನಿಂದ ಆ ಕಣ್ಣಿಗೆ, ಅಲ್ಲಿಂದ ತುಟಿಗೆ. ಜಿಗಿತವನ್ನು ಸೇರಿಸಬೇಕು. ಆದರೆ ಎಲ್ಲಿಗೆ ಜಿಗಿಯಬೇಕು? ಆ ಗೊಂಬೆಗೆ ಏನನ್ನು ನೋಡುವ ಆಸೆ, ಏನನ್ನು ನೋಡಲು ಸಂಕೋಚ? ಇದಕ್ಕೆ ತಂತ್ರಾಂಶದಲ್ಲಿ ಗುಂಡಿಯಿಲ್ಲ. ಅಲ್ಲಿಗೆ ಬಂದು ನಿಂತಾಗ ಅವನ ಕೆಲಸವೂ ನಮ್ಮ ಕೆಲಸವೂ ಒಂದೇ ಆಯಿತು.

ಈ ಕಸಿವಿಸಿಗೆ ಒಂದು ಹೆಸರನ್ನು ಜಪಾನಿನ ರೋಬೋಟ್ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲೇ ಕೊಟ್ಟಿದ್ದರು. ಗೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಪ್ರೀತಿ ಹೆಚ್ಚುತ್ತ ಹೋಗುತ್ತದೆ. ಆದರೆ ಇನ್ನೇನು ಮನುಷ್ಯನೇ ಎನ್ನುವಷ್ಟು ಹತ್ತಿರ ಬಂದಾಗ ಆ ಪ್ರೀತಿ ತಟಕ್ಕನೆ ಕುಸಿದು ಭಯವಾಗುತ್ತದೆ. ಆ ಕುಸಿತವನ್ನು ಅವರು ಕಣಿವೆ ಎಂದರು. ಅವರು ಕೊಟ್ಟ ಉದಾಹರಣೆ ಕೃತಕ ಕೈಯದು. ನೋಡಲು ನಿಜವಾದ ಕೈ, ಕುಲುಕಿದರೆ ತಣ್ಣಗೆ, ಮೂಳೆಯಿಲ್ಲದ ಹಾಗೆ. ಮೋರಿಯವರ ಕಣಿವೆಗೆ ಬಿದ್ದು ಕೋಟ್ಯಂತರ ಡಾಲರ್ ಕಳೆದುಕೊಂಡವರೂ ಇದ್ದಾರೆ. 2001ರಲ್ಲಿ ಬಂದ 'ಫೈನಲ್ ಫ್ಯಾಂಟಸಿ' ಎಂಬ ಚಿತ್ರದಲ್ಲಿ ತೆರೆಯ ಮೇಲೆ ನಟರೇ ಇರಲಿಲ್ಲ. ನಾಯಕಿಯ ತಲೆಯ ಮೇಲೆ 60,000 ಕೂದಲೆಳೆಗಳನ್ನು ಒಂದೊಂದಾಗಿ ಅಲುಗಿಸಿದ್ದರು. 13 ಕೋಟಿ ಡಾಲರಿಗೂ ಹೆಚ್ಚು ಖರ್ಚಾದ ಆ ಚಿತ್ರ ಸೋತಿತು, ಅದನ್ನು ಮಾಡಿದ ಹವಾಯಿಯ ಸ್ಟುಡಿಯೊ ಮುಚ್ಚಿಹೋಯಿತು. 2004ರ 'ಪೋಲಾರ್ ಎಕ್ಸ್‌ಪ್ರೆಸ್' ಚಿತ್ರದ ಮಕ್ಕಳ ಕಣ್ಣುಗಳು ಸತ್ತವರ ಕಣ್ಣಿನಂತಿವೆ ಎಂದು ವಿಮರ್ಶಕರು ಬರೆದರು. ಕೂದಲು ಸಿಕ್ಕಿತು, ನೋಟ ಸಿಗಲಿಲ್ಲ.

ಉರ್ದುವಿನಲ್ಲಿ ಚಿತ್ರಕಾರನಿಗೆ ಮುಸವ್ವಿರ್ ಎನ್ನುತ್ತೇವೆ. ಅದೇ ಪದ ಅಲ್ಲಾಹನ ನಾಮಗಳಲ್ಲೂ ಒಂದು, ರೂಪ ಕೊಡುವವನು ಎಂದರ್ಥ. ಮನುಷ್ಯನಿಗೆ ಈ ಹೆಸರು ಸಲ್ಲಬಹುದೇ ಎಂಬ ಅಳುಕು ನಮ್ಮ ಪರಂಪರೆಯಲ್ಲಿ ಹಳೆಯದು. ಜೀವಿಗಳ ಚಿತ್ರ ಮಾಡಿದವರಿಗೆ, ನೀವು ಮಾಡಿದ್ದಕ್ಕೆ ಈಗ ಜೀವ ತುಂಬಿ ಎಂದು ಪರಲೋಕದಲ್ಲಿ ಹೇಳಲಾಗುವುದು ಎಂಬರ್ಥದ ಪ್ರವಾದಿವಚನವನ್ನು ಮದ್ರಸಾದ ಮೆಟ್ಟಿಲು ಹತ್ತಿದ ಯಾರೂ ಕೇಳದೆ ಇರಲಾರರು. ಆದರೆ ಅದರ ಜೊತೆಗೇ ಬರುವ ಇನ್ನೊಂದು ಪ್ರಸಂಗವನ್ನು ಹೇಳುವವರು ಕಡಿಮೆ. ಇಬ್ನು ಅಬ್ಬಾಸ್(ರ) ಅವರ ಬಳಿಗೆ ಒಬ್ಬ ಬಂದು, ನನ್ನ ಹೊಟ್ಟೆಪಾಡು ಈ ಕೈಗಳಿಂದ, ನಾನು ಚಿತ್ರ ಮಾಡುವವನು ಎಂದನಂತೆ. ಅವರು ಆ ವಚನವನ್ನು ಹೇಳಿದಾಗ ಅವನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಿ ಅವರು, ಮಾಡಲೇಬೇಕೆಂದಿದ್ದರೆ ಮರಗಳನ್ನು ಮಾಡು, ಜೀವವಿಲ್ಲದ್ದನ್ನು ಮಾಡು ಎಂದರು. ಹೊಟ್ಟೆಪಾಡಿನ ಮಾತು ಬಂದಾಗ ಮುಖ ನೋಡಿ ಮಾತಾಡಿದ ಈ ರೀತಿ ನಮಗೆ ಬಹಳ ಹಿಡಿಸುತ್ತದೆ. ಇಂದಿನ ಸ್ಟುಡಿಯೊಗಳಲ್ಲಿ ಬರೀ ಮರ, ಕಲ್ಲು, ಕಟ್ಟಡಗಳನ್ನೇ ಮಾಡುವ ಪ್ರತ್ಯೇಕ ವಿಭಾಗವಿರುತ್ತದೆ ಎಂದು ತಿಳಿದಾಗ ಈ ಪ್ರಸಂಗ ನೆನಪಾಗಿ ನಕ್ಕಿದ್ದೇವೆ.

ಇದಕ್ಕೆ ಎದುರಾದ ಮಾತೊಂದನ್ನು ಅಬುಲ್ ಫಝಲ್ ತನ್ನ 'ಆಯಿನೆ ಅಕ್ಬರಿ'ಯಲ್ಲಿ ಅಕ್ಬರನ ಬಾಯಿಂದ ಹೇಳಿಸುತ್ತಾನೆ. ಚಿತ್ರಕಾರ ಜೀವಿಯೊಂದನ್ನು ಅಂಗಾಂಗವಾಗಿ ಬರೆಯುತ್ತ ಹೋಗಿ, ಕೊನೆಗೆ ಇದಕ್ಕೆ ಪ್ರಾಣ ಕೊಡುವುದು ನನ್ನಿಂದಾಗದು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಆಗ ಅವನಿಗೆ ಪ್ರಾಣ ಕೊಟ್ಟವನ ನೆನಪಾಗಲೇಬೇಕು. ಹಾಗಾಗಿ ದೇವರನ್ನು ಅರಿಯಲು ಚಿತ್ರಕಾರನಿಗೆ ಇತರರಿಗಿಲ್ಲದ ಒಂದು ದಾರಿ ಇದೆ. ಇದು ಬಾದಶಹನ ವಾದ. ಉಲಮಾಗಳು ಒಪ್ಪಿದರೋ ಬಿಟ್ಟರೋ ಬೇರೆ ಮಾತು. ನಮಗೆ ಮುಖ್ಯವಾಗಿ ಕಂಡದ್ದು, ಎಚ್ಚರಿಸುವವರೂ ಹೊಗಳುವವರೂ ಊರಿ ನಿಂತಿರುವುದು ಒಂದೇ ಸಂಗತಿಯ ಮೇಲೆ: ಜೀವ ತುಂಬಲಾಗದು. ಒಬ್ಬರಿಗೆ ಅದು ಸೃಷ್ಟಿಯ ಗಡಿ ದಾಟಬೇಡ ಎನ್ನುವ ಬೇಲಿ, ಇನ್ನೊಬ್ಬರಿಗೆ ಗಡಿಯವರೆಗೆ ಹೋಗಿ ನೋಡಿ ಬರುವ ಯಾತ್ರೆ. ಆ ರಾತ್ರಿ ನಮ್ಮ ಹುಡುಗ ಅರಿವಿಲ್ಲದೆ ಅಕ್ಬರನ ಮಾತನ್ನೇ ಆಡಿದ್ದ.

ಇಷ್ಟಕ್ಕೇ ಮಾತು ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ಮುಂದೆ ಆದದ್ದೇನು? ಕೈಯಿಂದ ಮಾಡಿದಾಗ ಬಾರದ ಜೀವವನ್ನು ಜೀವವಿದ್ದವರಿಂದಲೇ ಹಿಡಿದು ತರುವ ದಾರಿ ಕಂಡುಕೊಂಡರು. ನಟನ ಮೈಗೆ, ಮುಖಕ್ಕೆ ಚುಕ್ಕೆಗಳನ್ನು ಅಂಟಿಸಿ, ಸುತ್ತ ಕ್ಯಾಮರಾ ಇಟ್ಟು, ಅವನ ಪ್ರತಿ ಚಲನೆಯನ್ನೂ ಅಂಕಿಗಳಾಗಿ ಬರೆದುಕೊಂಡು ಗೊಂಬೆಗೆ ತೊಡಿಸುತ್ತಾರೆ. 2002ರಲ್ಲಿ ತೆರೆಗೆ ಬಂದ ಗೊಲ್ಲಮ್ ಎಂಬ ಪಾತ್ರ ಎಲ್ಲರ ಮನಸ್ಸು ಕಲಕಿದ್ದು ಅದರೊಳಗೆ ಆಂಡಿ ಸರ್ಕಿಸ್ ಎಂಬ ನಟ ಇದ್ದುದರಿಂದ. 2008ರಲ್ಲಿ ಅಮೆರಿಕದಲ್ಲಿ ಎಮಿಲಿ ಓಬ್ರಿಯನ್ ಎಂಬ ನಟಿಯ ಮುಖವನ್ನು ನಾನಾ ದಿಕ್ಕಿನ ಬೆಳಕಿನಲ್ಲಿ ಚರ್ಮದ ರಂಧ್ರಗಳ ಸಮೇತ ದಾಖಲಿಸಿ ಮರುಸೃಷ್ಟಿಸಿದಾಗ, ಮೋರಿಯವರ ಕಣಿವೆಯನ್ನು ದಾಟಿದೆವೆಂದು ತಂತ್ರಜ್ಞರು ಸಂಭ್ರಮಪಟ್ಟರು. ಹಿಂತಿರುಗಿ ನೋಡಿದರೆ ಮೊದಲಿನಿಂದಲೂ ಹೀಗೆಯೇ. 1972ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್ಮಲ್ ಎಂಬ ವಿದ್ಯಾರ್ಥಿ ಮೊದಲು ಕಂಪ್ಯೂಟರಿಗೆ ಇಳಿಸಿದ ಕೈ ಅವನದೇ ಎಡಗೈ. ಗಾರೆಯಲ್ಲಿ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ತುಂಡುಗಳ ಗೆರೆ ಎಳೆದು ಅಳೆದ. ಅವನ ಸಹಪಾಠಿ ಫ್ರೆಡ್ ಪಾರ್ಕ್ ಮಾಡಿದ ಮುಖ ಆತನ ಹೆಂಡತಿಯದು. ಶೂನ್ಯದಿಂದ ಬಂದ ಮುಖ ಒಂದೂ ಇಲ್ಲ. ನಿಜದಂತೆ ಕಾಣುವ ಪ್ರತಿ ಮುಖದ ಹಿಂದೆ ಯಾರದೋ ಕೆನ್ನೆ, ಯಾರದೋ ನಡಿಗೆ ಇದೆ.

ಛಾಯಾಚಿತ್ರ ಬಂದ ಕಾಲದಲ್ಲೂ ಇಂಥದೇ ಚರ್ಚೆ ನಡೆದಿತ್ತು. ಈಜಿಪ್ಟಿನ ಮುಫ್ತಿ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಕ್ಯಾಮರಾ ಏನನ್ನೂ ಸೃಷ್ಟಿಸುವುದಿಲ್ಲ, ಕನ್ನಡಿಯಲ್ಲಿ ಬಿದ್ದ ನೆರಳನ್ನು ಹಿಡಿದಿಡುತ್ತದೆ ಅಷ್ಟೆ ಎಂದು ವಾದಿಸಿ ಅದಕ್ಕೆ ದಾರಿ ಬಿಟ್ಟರು. ಈ ತರ್ಕವನ್ನು ಮುಂದುವರಿಸಿದರೆ, ನಟನ ಚಲನೆಯನ್ನು ಹಿಡಿದು ತರುವುದೂ ನೆರಳು ಹಿಡಿಯುವುದೇ. ಸೃಷ್ಟಿಕರ್ತನೊಂದಿಗೆ ಪೈಪೋಟಿ ಎಂಬ ಆಕ್ಷೇಪದ ಬಲ ಅಷ್ಟರಮಟ್ಟಿಗೆ ತಗ್ಗುತ್ತದೆ. ಆದರೆ ಅದೇ ಹೊತ್ತಿಗೆ ಇನ್ನೊಂದು ಬಾಗಿಲು ತೆರೆದುಕೊಳ್ಳುತ್ತದೆ. ನೆರಳು ಯಾರದು? ನಮ್ಮ ಧರ್ಮಶಾಸ್ತ್ರದಲ್ಲಿ ದೇವರ ಹಕ್ಕು, ಮನುಷ್ಯರ ಹಕ್ಕು ಎಂದು ಎರಡು ಬಗೆ. ದೇವರ ಹಕ್ಕಿಗೆ ಚ್ಯುತಿ ತಂದವನು ಪಶ್ಚಾತ್ತಾಪಪಟ್ಟರೆ ದೇವರು ಕ್ಷಮಿಸಬಹುದು. ಮನುಷ್ಯನ ಹಕ್ಕನ್ನು ಕಸಿದವನನ್ನು ಆ ಮನುಷ್ಯನೇ ಕ್ಷಮಿಸಬೇಕು. ಗೊಂಬೆ ಗೊಂಬೆಯಂತಿದ್ದಾಗ ನಮ್ಮ ಚರ್ಚೆಯೆಲ್ಲ ಮೊದಲನೆಯದರ ಸುತ್ತ ನಡೆಯಿತು. ಗೊಂಬೆ ಮನುಷ್ಯನಂತಾದ ಮೇಲೆ ಪ್ರಶ್ನೆ ಎರಡನೆಯದಕ್ಕೆ ಜರುಗಿದೆ. ಮಿಂಬರಿನಿಂದ ಇಂದಿಗೂ ನಾವು ಕೇಳುವುದು ಮೊದಲನೆಯದನ್ನೇ ಎಂಬುದು ನಮಗೆ ತುಸು ಬೇಸರದ ಸಂಗತಿ.

ಈ ಹಕ್ಕಿನ ಪ್ರಶ್ನೆ ಕೇವಲ ಸಿನಿಮಾ ನಟರದ್ದೆಂದು ತಿಳಿಯಬಾರದು. ಚರ್ಮದ ಮಾತನ್ನೇ ತೆಗೆದುಕೊಳ್ಳಿ. ಚರ್ಮ ಗೋಡೆಯಂತಲ್ಲ. ಬಿದ್ದ ಬೆಳಕು ಸ್ವಲ್ಪ ಒಳಗೆ ಹೋಗಿ, ಅಲ್ಲಿ ಚದುರಿ, ರಕ್ತದ ಕೆಂಪನ್ನು ಹೊತ್ತು ಹೊರಬರುತ್ತದೆ. ಸೂರ್ಯನಿಗೆ ಅಡ್ಡವಾಗಿ ನಿಂತವರ ಕಿವಿ ಕೆಂಪಗೆ ಹೊಳೆಯುವುದನ್ನು ನೀವೂ ನೋಡಿರುತ್ತೀರಿ. ನಮ್ಮ ತೊಗಲುಗೊಂಬೆಯವರಿಗೆ ಈ ಗುಟ್ಟು ಹಿಂದಿನಿಂದಲೂ ಗೊತ್ತು, ಅವರು ಆಡಿನ ಚರ್ಮದ ಹಿಂದೆ ದೀಪ ಇಟ್ಟವರು. ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕುವ ಸುಲಭ ಸೂತ್ರವನ್ನು ಹೆನ್ರಿಕ್ ಯೆನ್ಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಅದಕ್ಕೆ 2004ರಲ್ಲಿ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಸಂದಿತು. ಅದ್ಭುತ ಕೆಲಸವೇ. ಆದರೆ 2020ರಲ್ಲಿ ಯೇಲ್ ವಿಶ್ವವಿದ್ಯಾಲಯದ ಥಿಯೊಡೋರ್ ಕಿಮ್, ಸ್ವತಃ ಹಿಂದೆ ಪಿಕ್ಸಾರಿನಲ್ಲಿ ದುಡಿದವರು, ಒಂದು ಮಾತು ಎತ್ತಿದರು. ಒಳಗಿನಿಂದ ಬೆಳಗುವ ಈ ಗುಣ ಎದ್ದು ಕಾಣುವುದು ಎಳೆಯ, ಬಿಳಿಯ ಚರ್ಮದಲ್ಲಿ. ಕಪ್ಪು ಚರ್ಮದಲ್ಲಿ ಎದ್ದು ಕಾಣುವುದು ಮೇಲ್ಮೈಯ ಹೊಳಪು. ಹಾಗಿದ್ದೂ ಸಂಶೋಧನೆಗಳೆಲ್ಲ ಮೊದಲನೆಯದನ್ನೇ 'ಮನುಷ್ಯ ಚರ್ಮ' ಎಂದು ಕರೆದುಕೊಂಡು ಬಂದವು. ಕೂದಲಿನ ಕತೆಯೂ ಅದೇ, ನೇರ ಕೂದಲೇ 'ಕೂದಲು'. ಹಿಂದೆ ಕೊಡಕ್ ಕಂಪನಿ ಫೋಟೊ ಅಂಗಡಿಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಬಿಳಿಯ ಹೆಂಗಸಿನ ಚಿತ್ರವಿದ್ದ ಕಾರ್ಡು ಕಳಿಸುತ್ತಿತ್ತು. ಆ ಕಾರ್ಡು ಹೋದರೂ ಅದರ ನೆರಳು ಹೋಗಿಲ್ಲ.

ನಮ್ಮ ಹುಡುಗ ತನ್ನ ನಾನಿಯ, ಅಂದರೆ ನಮ್ಮ ತಾಯಿಯ, ಮುಖ ಮಾಡಲು ಹೊರಟಾಗ ಇದು ಕೈಗೇ ತಾಗಿತು. ಅವನು ಕಲಿತದ್ದೆಲ್ಲ ಪಾಠದ ವಿಡಿಯೊಗಳ ಬಿಳಿಯ ಯುವತಿಯರ ಮೇಲೆ. ಅದೇ ಲೆಕ್ಕದಲ್ಲಿ ಬಣ್ಣ ಮಾತ್ರ ಕಪ್ಪಾಗಿಸಿದರೆ ನಾನಿಯ ಮುಖ ಬೂದಿ ಬಳಿದಂತೆ ಕಂಡಿತು. ಒಲೆಯ ಮುಂದೆ ಕೂತು ಬೆವರಿದ ಹಣೆಯ ಎಣ್ಣೆಹೊಳಪು, ಕಣ್ಣ ಕೆಳಗಿನ ಕಪ್ಪು, ಮೂಗುಬೊಟ್ಟು ಭಾರಕ್ಕೆ ಜಗ್ಗಿದ ಹೊಳ್ಳೆ, ಎಲೆ ಅಡಿಕೆಗೆ ಬಣ್ಣಗೆಟ್ಟ ತುಟಿಯ ಒಳಅಂಚು, ಇವು ಯಾವ ಪಾಠದಲ್ಲೂ ಇರಲಿಲ್ಲ. ತಿಂಗಳುಗಟ್ಟಲೆ ಅವನು ನಾನಿಯನ್ನೇ ನೋಡಿದ. ಅಮ್ಮನಿಗೆ ಅದೊಂದು ತಮಾಷೆ. 'ಇಷ್ಟು ವರ್ಷದಲ್ಲಿ ನಿಮ್ಮ ಅಬ್ಬಾ ಕೂಡ ನನ್ನನ್ನು ಹೀಗೆ ನೋಡಿದ್ದಿಲ್ಲ' ಎಂದು ನಮ್ಮ ಕಡೆ ತಿರುಗಿ ಹೇಳಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಇಷ್ಟು ಗಮನವಿಟ್ಟು ಒಬ್ಬ ಮನುಷ್ಯನನ್ನು ನೋಡುವುದು ಗೌರವದ ಒಂದು ರೂಪವೇ ಸರಿ. ಆ ಅರ್ಥದಲ್ಲಿ ಈ ವಿದ್ಯೆಯನ್ನು ಕಲಿಯುವವರ ಮೇಲೆ ನಮಗೆ ಯಾವ ಆಕ್ಷೇಪವೂ ಇಲ್ಲ. 2002ರಲ್ಲಿ ಏಳು ವಾರಗಳಲ್ಲಿ ಜನರಿಂದಲೇ ಒಂದು ಲಕ್ಷ ಯೂರೊ ಸಂಗ್ರಹಿಸಿ ಮುಕ್ತಗೊಳಿಸಿದ ಬ್ಲೆಂಡರ್ ಎಂಬ ತಂತ್ರಾಂಶ ಇಂದು ಬಡವರ ಮಕ್ಕಳಿಗೂ ಪುಕ್ಕಟೆ ಸಿಗುತ್ತಿರುವುದು ಒಳ್ಳೆಯ ಸಂಗತಿ.

ಆದರೆ ಗಮನವಿಟ್ಟು ನೋಡುವುದೆಲ್ಲ ಗೌರವವಲ್ಲ. 1618ರಲ್ಲಿ ಜಹಾಂಗೀರನ ಆಸ್ಥಾನಿಕ ಇನಾಯತ್ ಖಾನ್ ಅಫೀಮು, ಮದ್ಯಗಳಿಂದ ಬರೀ ಮೂಳೆ ಚರ್ಮವಾಗಿ ಸಾಯುವ ಸ್ಥಿತಿಗೆ ಬಂದಿದ್ದ. ಊರಿಗೆ ಹೋಗಲು ಅಪ್ಪಣೆ ಕೇಳಿ ಬಂದ ಅವನನ್ನು ನೋಡಿ ಬಾದಶಹನಿಗೆ ಎಷ್ಟು ಬೆರಗಾಯಿತೆಂದರೆ, ಇವನ ಚಿತ್ರ ಬರೆಯಿರಿ ಎಂದು ಚಿತ್ರಕಾರರಿಗೆ ಆಜ್ಞೆ ಮಾಡಿದ. ಇದನ್ನು ತನ್ನ ಆತ್ಮಚರಿತ್ರೆಯಲ್ಲಿ ತಾನೇ ಬರೆದುಕೊಂಡಿದ್ದಾನೆ. ಬೆನ್ನಲ್ಲೇ ಇನಾಯತ್ ಖಾನ್ ಸತ್ತ. ಆ ರೇಖಾಚಿತ್ರ ಇಂದು ಬೋಸ್ಟನ್ನಿನಲ್ಲಿದೆ, ವರ್ಣಚಿತ್ರ ಆಕ್ಸ್‌ಫರ್ಡಿನಲ್ಲಿದೆ. ಮೊಘಲ್ ಕಲೆಯಲ್ಲಿ ಅಷ್ಟು ನೈಜವಾದ ಚಿತ್ರ ಬೇರೆ ಸಿಗುವುದು ಕಷ್ಟ. ಅದನ್ನು ನೋಡಿದಾಗಲೆಲ್ಲ ನಮಗೆ ಕಲಾವಿದನ ಕೈಚಳಕಕ್ಕೆ ತಲೆಬಾಗಬೇಕೆನಿಸುತ್ತದೆ, ಕಣ್ಣು ತಗ್ಗಿಸಬೇಕೆಂದೂ ಅನಿಸುತ್ತದೆ. ಒರಗುದಿಂಬಿಗೆ ಆನಿಕೊಂಡ ಆ ಮನುಷ್ಯನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಬಾದಶಹನಿಗೆ ಇಲ್ಲವೆನ್ನುವ ಶಕ್ತಿ ಅವನಿಗೆಲ್ಲಿತ್ತು?

ಸಾಯುತ್ತಿರುವವನನ್ನು ಕೇಳಲಿಲ್ಲ. ಸತ್ತವನನ್ನು ಕೇಳುವುದು ಹೇಗೆ? 1994ರಲ್ಲಿ ತೀರಿಕೊಂಡ ಇಂಗ್ಲೆಂಡಿನ ನಟ ಪೀಟರ್ ಕುಶಿಂಗ್ 2016ರ 'ರೋಗ್ ಒನ್' ಚಿತ್ರದಲ್ಲಿ ಮತ್ತೆ ನಡೆದಾಡಿದರು. ದೇಹ ಇನ್ನೊಬ್ಬ ನಟನದು, ಮುಖ ಕಂಪ್ಯೂಟರಿನದು. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. 2016ರ 'ನಾಗರಹಾವು' ಚಿತ್ರದಲ್ಲಿ ನಿರ್ದೇಶಕ ಕೋಡಿ ರಾಮಕೃಷ್ಣ ಅವರನ್ನು ಇದೇ ರೀತಿ ತೆರೆಗೆ ತಂದರು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ 'ನಾಗರಹಾವು' ಚಿತ್ರದ ಮೂಲಕ ನಾಡಿಗೆ ಪರಿಚಯವಾದ ಆ ಮುಖ, ಅದೇ ವರ್ಷ ಯೂಟಾದಲ್ಲಿ ಹುಟ್ಟಿದ ವಿದ್ಯೆಯ ನೆರವಿನಿಂದ ಅದೇ ಹೆಸರಿನ ಚಿತ್ರಕ್ಕೆ ಮರಳಿದ್ದು ವಿಚಿತ್ರ ಕಾಕತಾಳೀಯ. ಶಿಳ್ಳೆ ಹಾಕಿದ ಅಭಿಮಾನಿಗಳ ಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ನಟನೆಂದರೆ ಮುಖ ಮಾತ್ರವೇ? ಈ ಪಾತ್ರ ಬೇಕು, ಈ ಪಾತ್ರ ಬೇಡ ಎಂದು ಆರಿಸಿಕೊಳ್ಳುವ ಮನಸ್ಸೂ ನಟನದೇ ಅಲ್ಲವೇ? ಆ ಮನಸ್ಸು ಮಣ್ಣು ಸೇರಿದ ಮೇಲೆ ಉಳಿದ ಮುಖ ಯಾರು ಹೇಳಿದ್ದಕ್ಕೂ ತಲೆಯಾಡಿಸುತ್ತದೆ.

2023ರಲ್ಲಿ ಅಮೆರಿಕದ ಚಲನಚಿತ್ರ ನಟರು 118 ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಕಾರಣ. ತಮ್ಮ ಕಂಪ್ಯೂಟರ್ ಪ್ರತಿರೂಪ ಬಳಸಲು ಒಪ್ಪಿಗೆ ಬೇಕು, ಸತ್ತ ಮೇಲೂ ಬೇಕು ಎಂಬ ಷರತ್ತನ್ನು ಅವರು ಒಪ್ಪಂದದಲ್ಲಿ ಸೇರಿಸಿಕೊಂಡರು. ನಮ್ಮಲ್ಲಿ ಅದೇ ವರ್ಷದ ಜುಲೈನಲ್ಲಿ ದೆಹಲಿ ಹೈಕೋರ್ಟ್, ನಟ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆಯ ಅರ್ಜಿಯ ವಿಚಾರಣೆಯಲ್ಲಿ, ಇಂಥ ಹಕ್ಕುಗಳು ವ್ಯಕ್ತಿಯೊಂದಿಗೇ ಮುಗಿದುಹೋಗುತ್ತವೆ, ವಾರಸುದಾರರಿಗೆ ಇಳಿಯುವುದಿಲ್ಲ ಎಂದಿತು. ಅದು ಚಿತ್ರವೊಂದರ ಪ್ರಸಾರದ ಪ್ರಶ್ನೆ, ಮುಖ ಮರುಸೃಷ್ಟಿಯದಲ್ಲ. ಆದರೂ ತತ್ವ ಅದೇ. ಕಾನೂನಿಗೆ ಅದರದೇ ಕಾರಣಗಳಿರಬಹುದು. ನಮ್ಮ ರೂಢಿ ಬೇರೆ ಹೇಳುತ್ತದೆ. ಜನಾಝಾ ನಮಾಝಿಗೆ ಮುನ್ನ ಮಗನೋ ತಮ್ಮನೋ ಎದ್ದು ನಿಂತು, ತೀರಿಕೊಂಡವರು ಯಾರಿಗಾದರೂ ಕೊಡಬೇಕಿದ್ದರೆ ಬಂದು ಹೇಳಿ, ನಾವು ತೀರಿಸುತ್ತೇವೆ ಎನ್ನುವುದನ್ನು ಎಷ್ಟು ಸಲ ಕೇಳಿಲ್ಲ! ಸತ್ತವನ ಸಾಲ ಸತ್ತ ಮೇಲೂ ಸಾಲವೇ. ಹಾಗಾದರೆ ನಾವು ಸತ್ತವನಿಗೆ ಕೊಡಬೇಕಾದದ್ದು? ಅವನ ಮುಖ ನಮ್ಮ ಕೈಯಲ್ಲಿ ಉಳಿದಿದ್ದರೆ ಅದು ಅಮಾನತ್ತು, ಇಟ್ಟುಕೊಳ್ಳಲು ಕೊಟ್ಟದ್ದು, ಖರ್ಚು ಮಾಡಲು ಅಲ್ಲ.

ಬದುಕಿರುವವರ ಪಾಡೂ ಹಗುರವಲ್ಲ. 2023ರ ನವೆಂಬರಿನಲ್ಲಿ ನಮ್ಮ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ಮೈಗೆ ಅಂಟಿಸಿ ಹರಿಯಬಿಟ್ಟದ್ದು ಎಲ್ಲರಿಗೂ ಗೊತ್ತು. ಆ ಪ್ರಕರಣದಲ್ಲಿ ಇಬ್ಬರು ಹೆಣ್ಣುಮಕ್ಕಳ ಕಳ್ಳತನವಾಗಿತ್ತು, ಒಬ್ಬರ ಮುಖ, ಇನ್ನೊಬ್ಬರ ಮೈ. ಎರಡನೆಯವರ ಬಗ್ಗೆ ಮಾತಾಡಿದವರು ಕಡಿಮೆ.

ದೊಡ್ಡವರ ಮಾತು ಹಾಗಿರಲಿ. ಈಗ ಇದು ನಮ್ಮ ನಮ್ಮ ಓಣಿಗೇ ಬಂದಿದೆ. ಕೆಲವು ವರ್ಷಗಳಿಂದ ಮದುವೆಗಳಲ್ಲಿ ಹೊಸ ಪದ್ಧತಿ. ತೀರಿಹೋದ ತಂದೆಯೋ ತಾಯಿಯೋ ದೊಡ್ಡ ಪರದೆಯ ಮೇಲೆ ಬಂದು ವಧೂವರರಿಗೆ ಹರಸುತ್ತಾರೆ. 2025ರ ಆರಂಭದಲ್ಲಿ ತಾನು ದುಡಿಯುತ್ತಿದ್ದ ಸ್ಟುಡಿಯೊ ಬಾಗಿಲು ಹಾಕಿದ ಮೇಲೆ ನಮ್ಮ ಹುಡುಗ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನು ಮಾಡಿಕೊಡುತ್ತಿದ್ದ. ಆಗ ದಾವಣಗೆರೆ ಕಡೆಯ ಒಂದು ಮನೆಯಿಂದ ಇಂಥದೊಂದು ಕೆಲಸ ಬಂತು. ಆ ಮನೆಯ ಯಜಮಾನರು 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡವರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟಿದ್ದರಿಂದ ಹೆಂಡತಿ ಮಕ್ಕಳಿಗೆ ಕೊನೆಯ ಸಲ ಮುಖ ನೋಡಲೂ ಸಿಕ್ಕಿರಲಿಲ್ಲ. ಮಗಳ ಮದುವೆಯಲ್ಲಿ ಅವರು ಅರ್ಧ ನಿಮಿಷ ಬಂದು ಮಾತಾಡಬೇಕು ಎಂದು ಮಗನ ಆಸೆ. ಮಾತನ್ನೂ ಅವನೇ ಬರೆದುಕೊಟ್ಟಿದ್ದ. ಜೊತೆಗೆ ಆರು ಫೋಟೊ, ಮೊಬೈಲಿನಲ್ಲಿ ತೆಗೆದ ನಲವತ್ತು ಸೆಕೆಂಡಿನ ಒಂದು ವಿಡಿಯೊ.

'ಮಾಡಲಾ ಬೇಡವಾ ಮಾಮೂ?' ಎಂದು ಅವನು ಫೋನು ಮಾಡಿದ. ಬೇಡ ಎಂದುಬಿಡುವುದು ಸುಲಭವಿತ್ತು. ಆದರೆ ಮುಖ ನೋಡಲು ಸಿಗದೆ ನಾಲ್ಕು ವರ್ಷ ಕಳೆದವರ ಹಂಬಲದ ಎದುರು ನಮ್ಮ ಶಾಸ್ತ್ರ, ತತ್ವಗಳನ್ನು ಹರಡಿ ಕೂರಲು ನಮಗೆ ಬಾಯಿ ಬರಲಿಲ್ಲ. ಪ್ರತಿಮೆ ಮಾಡಿ ಪೂಜಿಸುವ ಮಾತಲ್ಲ ಇದು, ಯಾರನ್ನೂ ಮೋಸಗೊಳಿಸುವ ಉದ್ದೇಶವೂ ಇಲ್ಲ. ಸಭಾಂಗಣದಲ್ಲಿ ಕೂತ ಎಲ್ಲರಿಗೂ ಅವರು ಇಲ್ಲವೆಂದು ಗೊತ್ತು. ಹಾಗಾದರೆ ತೊಡಕೆಲ್ಲಿ? ಅವರು ಆಡದ ಮಾತನ್ನು ಅವರ ಬಾಯಲ್ಲಿ ಇಡುವಲ್ಲಿ. ಆ ಬರೆದುಕೊಟ್ಟ ಮಾತಿನಲ್ಲಿ, ಈ ಸಂಬಂಧ ನನಗೆ ತುಂಬಾ ಸಂತೋಷ ತಂದಿದೆ ಎಂಬ ವಾಕ್ಯವಿತ್ತು. ಅವರು ಹಾಗೆ ಹೇಳುತ್ತಿದ್ದರೇ? ಹೇಳುತ್ತಿದ್ದರೆಂದು ಮಗನಿಗೆ ಖಾತ್ರಿ. ಖಾತ್ರಿ ಇರುವವರು ಒಬ್ಬರೇ ಆಗಿದ್ದರೆ ಕಷ್ಟ, ಅವರ ಹೆಂಡತಿಗೆ ಒಮ್ಮೆ ತೋರಿಸು, ಆಮೇಲೆ ಮುಂದುವರಿ ಎಂದೆವು.

ಹುಡುಗ ಐದು ಸೆಕೆಂಡಿನ ಮಾದರಿ ಮಾಡಿಕೊಂಡು ಹೋದ. ಬಹಳ ಚೆನ್ನಾಗಿ ಬಂದಿತ್ತು, ನಾವೂ ನೋಡಿದ್ದೆವು. ಆ ತಾಯಿ ಎರಡು ಸಲ ಹಾಕಿಸಿ ನೋಡಿದರು. 'ಇವರು ಹಿಂಗೆ ನೇರ ನೋಡಿ ಮಾತಾಡಿದ್ದೇ ಇಲ್ಲಪ್ಪ' ಎಂದರು. ಮಾತಾಡುವಾಗ ಅವರು ಬಾಗಿಲ ಕಡೆಗೋ ಗಡಿಯಾರದ ಕಡೆಗೋ ನೋಡುತ್ತಿದ್ದರಂತೆ, ಮದುವೆಯಾದ ಹೊಸದರಲ್ಲಿ ಅದಕ್ಕೇ ಜಗಳ ಕೂಡ ಆಗಿತ್ತಂತೆ. ಅದನ್ನು ಸರಿಪಡಿಸಬಹುದು ಎಂದ ಹುಡುಗ. ಕಣ್ಣಿನ ದಿಕ್ಕು ಬದಲಿಸುವುದು ಹತ್ತು ನಿಮಿಷದ ಕೆಲಸ. ಅವರು ಬೇಡವೆಂದರು. ಸಿಟ್ಟಿನಿಂದಲ್ಲ, ಯಾರೋ ನೆಂಟರ ಮನೆಯವರನ್ನು ಬೀಳ್ಕೊಡುವಂತೆ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು.

ಮದುವೆಯ ದಿನ ಪರದೆಯ ಮೇಲೆ ಹಾಕಿದ್ದು ಆ ನಲವತ್ತು ಸೆಕೆಂಡಿನ ಹಳೆಯ ವಿಡಿಯೊ. ಅದರಲ್ಲಿ ಅವರು ಹರಸುವುದಿಲ್ಲ. ಊಟಕ್ಕೆ ಕೂತವರು, ಕ್ಯಾಮರಾದ ಪಕ್ಕಕ್ಕೆ ನೋಡುತ್ತ, ಆ ಫೋನು ಕೆಳಗಿಟ್ಟು ಉಪ್ಪಿನಕಾಯಿ ಭರಣಿ ಇತ್ತ ಕೊಡು ಎಂದು ಮಗಳಿಗೆ ಗದರುತ್ತಾರೆ, ಅಷ್ಟೆ. ಮಗನಿಗೆ ಈಗಲೂ ಸಮಾಧಾನವಿಲ್ಲ. ತಂಗಿಯ ಮದುವೆಯಲ್ಲಿ ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬರುವಂತೆ ಮಾಡಬಹುದಿತ್ತು, ನೀವೆಲ್ಲ ಸೇರಿ ತಪ್ಪಿಸಿದಿರಿ ಎಂದು ನಮ್ಮ ಹುಡುಗನಿಗೆ ಆಗಾಗ ಹೇಳುತ್ತಿರುತ್ತಾನೆ. ಮುಂಗಡ ಹಣವನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ. ಆ ಐದು ಸೆಕೆಂಡಿನ ಮಾದರಿಯನ್ನು ಅಳಿಸಿಬಿಡಲೇ ಎಂದು ಹುಡುಗ ಕೇಳಿದಾಗ, ಬೇಡ, ನನಗೆ ಕಳಿಸು ಎಂದನಂತೆ. ಕಳಿಸಲೇ ಎಂದು ಹುಡುಗ ಈಗ ನಮ್ಮನ್ನು ಕೇಳುತ್ತಿದ್ದಾನೆ. ಆ ತಾಯಿಯನ್ನೇ ಕೇಳು ಎಂದಿದ್ದೇವೆ.